ಹಾಳಾದ್ದು, ಇವತ್ತೂ ಲೇಟು!

ಸಿಗ್ನಲ್ ಕೈಕೊಟ್ಟೋ, ಮೇಲಿನ ತಂತಿ ತುಂಡಾಗಿಯೋ ಮುಂಬಯಿಯ ಸೆಂಟ್ರಲ್ ಲೈನಿನ ಫಾಸ್ಟ್ ಗಾಡಿ ನಿಂತುಹೋಯಿತೆಂದರೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಮಿಷದೊಳಗೆ ನಾಲ್ಕಾರು ಭಾಷೆಗಳ ಗೊಣಗಾಟ ಏಳುತ್ತದೆ. ಮರಾಠಿಯವರು ‘ಆಯ್ಲಾ’ ಅನ್ನುತ್ತಾರೆ, ಹಿಂದಿಯವರ ಬಾಯಲ್ಲಿ ‘ಸಾಲಾ’ ಬರುತ್ತದೆ, ಗುಜರಾತಿಯವರು ‘ಮರೀ ಗಯಾ’ ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಕಿವಿಗೊಟ್ಟರೆ ಅದರ ನಡುವೆ ಕನ್ನಡವೂ ಕೇಳುತ್ತದೆ. ಮೈಸೂರು ಕಡೆಯವರದು ‘ಹಾಳಾದ್ದು’, ಕರಾವಳಿಯವರದು ‘ಎಂಥ ಸಾವು ಮಾರಾಯ’, ವಿಜಯಪುರ, ಕಲಬುರಗಿ ಕಡೆಯವರದು ಅರ್ಧಕ್ಕೇ ನಿಲ್ಲುವ ‘ಇದರವ್ವನ’. ಇಷ್ಟೆಲ್ಲ ಬೈಗುಳ ಗಾಳಿಯಲ್ಲಿ ಹಾರಾಡಿದರೂ ಯಾರೂ ಯಾರ ಕೊರಳಪಟ್ಟಿ ಹಿಡಿಯುವುದಿಲ್ಲ. ಪಕ್ಕದಲ್ಲಿ ನಿಂತ ಅಜ್ಜಿ ಮುಖ ತಿರುಗಿಸುವುದೂ ಇಲ್ಲ, ಕೆಲವೊಮ್ಮೆ ಅವರೂ ಒಂದು ಸೇರಿಸುತ್ತಾರೆ. ಬೈದವರೂ ಕೇಳಿಸಿಕೊಂಡವರೂ ಮುಂದಿನ ಗಾಡಿಗೆ ಒಟ್ಟಿಗೇ ನುಗ್ಗುತ್ತಾರೆ.

ಇಂಥ ಮಾತುಗಳನ್ನು ನಾವು ಸಾಮಾನ್ಯವಾಗಿ ದೊಡ್ಡ ಬೈಗುಳದ ಮರಿಗಳೆಂದು ತಿಳಿಯುತ್ತೇವೆ. ಕೆಟ್ಟ ಮಾತಿಗೆ ನೀರು ಬೆರೆಸಿದರೆ ಸಣ್ಣ ಕೆಟ್ಟ ಮಾತಾಯಿತು, ಅದನ್ನು ಸಹಿಸಬಹುದೇ ಹೊರತು ಒಪ್ಪಬಾರದು ಎಂಬುದು ಶಿಷ್ಟರ ಅಭಿಪ್ರಾಯ. ಮುಂಬಯಿಯನ್ನು ಗಮನಿಸಿದರೆ ಈ ಎಣಿಕೆ ತಪ್ಪೆನಿಸುತ್ತದೆ. ಬೈಗುಳ ಹಗುರವೋ ಭಾರವೋ ಎಂಬುದು ನಿಘಂಟಿನಲ್ಲಿ ಅದರ ಎದುರು ಬರೆದ ಅರ್ಥದಿಂದ ತೀರ್ಮಾನವಾಗುವುದಿಲ್ಲ. ಅದು ಯಾರತ್ತ ಹೋಗುತ್ತಿದೆ, ಆಡಿದವನು ಕೇಳಿದವನಿಗಿಂತ ಮೇಲಿದ್ದಾನೋ ಕೆಳಗಿದ್ದಾನೋ, ಆ ಮಾತಿನ ತೂಕ ಇಬ್ಬರಿಗೂ ಒಂದೇ ರೀತಿ ಗೊತ್ತಿದೆಯೋ ಎಂಬುದರ ಮೇಲೆ ನಿಂತಿರುತ್ತದೆ. ಹತಾಶೆಯ ಬೈಗುಳ ಸಂದರ್ಭವನ್ನು ಬೈಯುತ್ತದೆ, ಅವಮಾನದ ಬೈಗುಳ ಮನುಷ್ಯನನ್ನು ಬೈಯುತ್ತದೆ. ಇವೆರಡೂ ಒಂದೇ ಜಾತಿಯ ಮಾತುಗಳೇ ಅಲ್ಲ. ಒಂದೇ ಪದ ಬೆಳಿಗ್ಗೆ ಮೊದಲನೆಯದಾಗಿ ಸಂಜೆ ಎರಡನೆಯದಾಗಬಹುದು.

ಕನ್ನಡದ ವ್ಯಾಕರಣ ಇದಕ್ಕೆ ಚೆಂದದ ಸಾಕ್ಷಿ ಹೇಳುತ್ತದೆ. ನಮ್ಮ ಹಗುರ ಬೈಗುಳಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ: ಹಾಳಾದ್ದು, ದರಿದ್ರದ್ದು, ಅನಿಷ್ಟದ್ದು, ಸುಡುಗಾಡು, ಪೀಡೆ, ಶನಿ, ಕರ್ಮ, ಗ್ರಹಚಾರ, ‘ಇದರ ಮನೆ ಹಾಳಾಗ’. ಬಹುಮಟ್ಟಿಗೆ ಎಲ್ಲವೂ ನಪುಂಸಕಲಿಂಗ. ‘ಹಾಳಾದ್ದು’ ಅಂದಾಗ ಎದುರಿಗೆ ಅವನೂ ಇಲ್ಲ, ಅವಳೂ ಇಲ್ಲ, ಬರೀ ‘ಅದು’ ಇದೆ. ಛತ್ರಿ ತೆರೆಯದಿದ್ದರೆ, ಸರ್ವರ್ ಡೌನ್ ಆದರೆ, ಹಾಲು ಉಕ್ಕಿದರೆ, ಬಾಡಿಗೆ ಅಗ್ರಿಮೆಂಟಿನ ಕಾಗದ ಮೂರನೇ ಸಲ ವಾಪಸು ಬಂದರೆ ಬಾಯಿಗೆ ಬರುವುದು ಇದೇ. ಅದೇ ಧಾತುವನ್ನು ‘ಹಾಳಾದವನೇ’ ಎಂದು ಮನುಷ್ಯನ ಕಡೆ ತಿರುಗಿಸಿದ ಕೂಡಲೇ ಮಾತಿನ ಜಾತಿ ಬದಲಾಗುತ್ತದೆ, ಕೇಳಿದವನ ಮುಖವೂ ಬದಲಾಗುತ್ತದೆ. ಇನ್ನೊಂದು ಮಾತು ‘ಸಾಯ್ಲಿ ಬಿಡು’. ಮೊದಲರ್ಧದಲ್ಲಿ ಶಾಪವಿದೆ, ಎರಡನೆಯ ಅರ್ಧದಲ್ಲಿ ಬಿಡುಗಡೆ ಇದೆ. ಇಷ್ಟು ಚಿಕ್ಕದರಲ್ಲಿ ಸಿಟ್ಟು ಏರಿ ಇಳಿದುಬಿಡುತ್ತದೆ. ಮರಾಠಿಯ ‘ಮರೂ ದೇ’ ಇದರ ಅವಳಿ. ಎರಡನ್ನೂ ಬಲ್ಲ ಮುಂಬಯಿ ಕನ್ನಡಿಗ ಯಾವುದನ್ನು ಯಾವಾಗ ಆಡಿದನೆಂದು ಅವನಿಗೇ ನೆನಪಿರುವುದಿಲ್ಲ.

ಸಂದರ್ಭವನ್ನು ಬೈದು ಮನುಷ್ಯನನ್ನು ಬಿಟ್ಟುಬಿಡುವ ಈ ಕಲೆ ಮುಂಬಯಿಗೆ ಬೇರೆ ಊರುಗಳಿಗಿಂತ ಹೆಚ್ಚು ಬೇಕು. ಇಲ್ಲಿನ ಉಪನಗರ ರೈಲುಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ನಡೆಯುತ್ತವೆ. ಪೀಕ್ ಅವರಿನ ದಟ್ಟಣೆಗೆ ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರನ್ನೇ ಕಟ್ಟಬೇಕಾಯಿತು. ಅದರ ಅರ್ಥ, ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುವುದು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಲುಬಿನಲ್ಲಿ, ಒಬ್ಬರ ಬ್ಯಾಗು ಇನ್ನೊಬ್ಬರ ಬೆನ್ನಿನಲ್ಲಿ. ಅಲ್ಲಿ ಪ್ರತಿಯೊಂದು ತಳ್ಳಾಟಕ್ಕೂ ಒಬ್ಬ ಹೊಣೆಗಾರನನ್ನು ಹುಡುಕಲು ಹೊರಟರೆ ಕುರ್ಲಾ ದಾಟುವುದರೊಳಗೆ ಹೊಡೆದಾಟವಾಗುತ್ತದೆ. ಆಗುವುದೂ ಉಂಟು, ಡಬ್ಬಿಯೊಳಗಿನ ಜಗಳದ ವಿಡಿಯೊಗಳು ಹರಿದಾಡುತ್ತಲೇ ಇರುತ್ತವೆ. ಆದರೆ ಸೇರುವ ಜನಸಂಖ್ಯೆಗೆ ಹೋಲಿಸಿದರೆ ಜಗಳ ಇಷ್ಟು ಕಡಿಮೆ ಇರುವುದೇ ಸೋಜಿಗ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಯಾರ ಹೆಸರಿಗೂ ಸೇರದ, ಎಲ್ಲರೂ ತಲೆಯಾಡಿಸಬಹುದಾದ ಒಂದು ಬೈಗುಳ ಎಲ್ಲರ ನಾಲಿಗೆಯ ಮೇಲೂ ಸಿದ್ಧವಿರುವುದು. ‘ಕ್ಯಾ ವಾಟ್ ಲಗಾಯಾ ಹೈ’ (ಎಂಥ ಗತಿಗೆಡಿಸಿದ್ದಾರೆ) ಎಂದು ಒಬ್ಬ ಗೊಣಗಿದರೆ ವಾಟ್ ಹಚ್ಚಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ರೈಲ್ವೆಯೋ, ಮಳೆಯೋ, ಸರಕಾರವೋ, ಹಣೆಬರಹವೋ, ಯಾರೋ ಒಬ್ಬರು.

ಮರಾಠಿಯ ‘ಆಯ್ಲಾ’ವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ‘ತುಝ್ಯಾ ಆಈಲಾ’ ಎಂಬ ಮಾತಿನ ಬಾಲ. ಅರ್ಥ ‘ನಿನ್ನ ತಾಯಿಗೆ’. ತಾಯಿಗೆ ಏನು ಎಂಬ ಕ್ರಿಯಾಪದ ನುಂಗಿಹೋಗಿದೆ. ‘ಚ್ಯಾಯ್ಲಾ’ ಇನ್ನೂ ಸವೆದ ರೂಪ. ಉತ್ತರ ಕರ್ನಾಟಕದ ‘ಇದರವ್ವನ’, ‘ಅವನೌನ’ಗಳ ಕಟ್ಟಡವೂ ಇದೇ: ತಾಯಿ ಇದ್ದಾಳೆ, ವಿಭಕ್ತಿ ಇದೆ, ಕ್ರಿಯಾಪದ ಮಾತ್ರ ಇಲ್ಲ. ಒಂದು ದ್ರಾವಿಡ ಭಾಷೆ, ಒಂದು ಆರ್ಯ ಭಾಷೆ, ನೂರಾರು ವರ್ಷ ನೆರೆಯಲ್ಲಿ ಬದುಕಿ ಕೆಟ್ಟ ವಾಕ್ಯವನ್ನು ಒಂದೇ ಜಾಗದಲ್ಲಿ ಕತ್ತರಿಸಲು ಕಲಿತಿವೆ. ಈ ಕತ್ತರಿ ಪ್ರಯೋಗ ಜಗತ್ತಿನೆಲ್ಲೆಡೆ ಇದೆ. ಸ್ಪೇನಿನವರಿಗೆ ಸಿಟ್ಟು ಬಂದರೆ ಇಗರ್ಜಿಯ ಪವಿತ್ರ ರೊಟ್ಟಿಯ ಹೆಸರು ‘ಓಸ್ತಿಯಾ’ ಬಾಯಿಗೆ ಬರುತ್ತದೆ, ಅದು ದೈವನಿಂದೆ. ಎದುರಿಗೆ ಮಕ್ಕಳಿದ್ದರೆ ಅರ್ಧದಲ್ಲೇ ದಾರಿ ಬದಲಿಸಿ ‘ಓಸ್ತ್ರಾಸ್’ ಅನ್ನುತ್ತಾರೆ. ಅಂದರೆ ಕಡಲಿನ ಸಿಂಪಿಗಳು. ಮಲದ ಹೆಸರಾದ ‘ಮಿಯೆರ್ದಾ’ ಅನ್ನಬೇಕಾದಲ್ಲಿ ‘ಮಿಯೆರ್ಕೊಲೆಸ್’ ಅನ್ನುತ್ತಾರೆ, ಅದು ಬುಧವಾರ! ಕೇಳುಗನಿಗೆ ಮೂಲ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಆಡಲಿಲ್ಲ ಎಂಬುದೇ ಇಲ್ಲಿ ಮರ್ಯಾದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಶಿರಿ ಲೆವ್‌–ಆರಿ ಮತ್ತು ರಯನ್ ಮೆಕೇ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದಿಯೂ ಸೇರಿ ಒಂದಕ್ಕೊಂದು ದೂರದ ಹಲವು ಭಾಷೆಗಳ ಬೈಗುಳಗಳನ್ನು ಪರಿಶೀಲಿಸಿದರು. ಯ, ರ, ಲ, ವಗಳಂಥ ಜಾರುವ ಧ್ವನಿಗಳು ಖಾರದ ಬೈಗುಳಗಳಲ್ಲಿ ಕಡಿಮೆ, ಇಂಗ್ಲಿಷಿನ ಬೈಗುಳಗಳನ್ನು ಮೃದು ಮಾಡಿಕೊಂಡ ರೂಪಗಳಲ್ಲಿ ಹೆಚ್ಚು ಎಂದು ಅವರು ಕಂಡರು. ‘ಆಯ್ಲಾ’ದಲ್ಲಿ ಯ ಮತ್ತು ಲ ಬಿಟ್ಟು ಬೇರೆ ವ್ಯಂಜನವೇ ಇಲ್ಲ ಎಂಬುದನ್ನು ನೋಡಿದರೆ ಮರಾಠಿಯವರು ಈ ಸಂಶೋಧನೆಗೆ ಕಾಯದೆ ಕೆಲಸ ಮುಗಿಸಿದ್ದರೆನ್ನಬೇಕು.

ಇಲ್ಲಿ ವಿಜ್ಞಾನದ ಕಡೆಯಿಂದಲೇ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಬೈದರೆ ನೋವು ತಾಳಿಕೊಳ್ಳುವ ಶಕ್ತಿ ಹೆಚ್ಚುತ್ತದೆ ಎಂಬುದನ್ನು ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ತೋರಿಸಿತು. ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಕೈ ಅದ್ದಿ ಕೂತವರು ಮಾಮೂಲಿ ಪದ ಹೇಳಿದಾಗ ಬೇಗ ಕೈ ತೆಗೆದರು, ಬೈಗುಳ ಹೇಳಿದಾಗ ಹೆಚ್ಚು ಹೊತ್ತು ಇಟ್ಟುಕೊಂಡರು. 2020ರಲ್ಲಿ ಅದೇ ಸ್ಟೀಫನ್ಸ್ ಇನ್ನೊಂದು ಪ್ರಯೋಗ ಮಾಡಿದರು. ‘ಫೌಚ್’, ‘ಟ್ವಿಜ್‌ಪೈಪ್’ ಎಂಬ ಎರಡು ನಕಲಿ ಬೈಗುಳಗಳನ್ನು ಹೊಸದಾಗಿ ಸೃಷ್ಟಿಸಿ ಜನರಿಂದ ಹೇಳಿಸಿದರು. ನಗು ಬಂತು, ನೋವಿನ ಸಹನೆ ಮಾತ್ರ ಹೆಚ್ಚಲಿಲ್ಲ. ಹಾಗಾದರೆ ಸಭ್ಯ ಬೈಗುಳದಿಂದ ಏನು ಉಪಯೋಗ, ಬೈದರೆ ನಿಜವಾದದ್ದನ್ನೇ ಬೈಯಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ವಾದಿಸಬಹುದು. ನನಗೆ ಕಾಣುವ ಉತ್ತರ ಹೀಗೆ: ಆ ಎರಡು ಪದಗಳಿಗೆ ಬಾಲ್ಯವೇ ಇರಲಿಲ್ಲ. ಅವುಗಳನ್ನು ಅಜ್ಜಿಯ ಬಾಯಲ್ಲಿ ಕೇಳಿದವರಿಲ್ಲ, ಅವುಗಳನ್ನಾಡಿ ಬೆನ್ನಿಗೆ ಏಟು ತಿಂದವರಿಲ್ಲ. ‘ಹಾಳಾದ್ದು’ ಹಾಗಲ್ಲ. ಅದು ಸಭ್ಯವಾಗಿದ್ದರೂ ನಕಲಿಯಲ್ಲ, ಅದರ ಹಿಂದೆ ನೂರಾರು ಉಕ್ಕಿದ ಹಾಲಿನ ಪಾತ್ರೆಗಳಿವೆ. ಜೊತೆಗೆ ಮಂಜುನೀರಿನ ನೋವೂ ತಪ್ಪಿಹೋದ ಗಾಡಿಯ ಹತಾಶೆಯೂ ಒಂದೇ ಅಲ್ಲ. ಮೊದಲನೆಯದು ಒಬ್ಬನ ಮೈಯೊಳಗಿನದು. ಎರಡನೆಯದನ್ನು ಪಕ್ಕದವನೊಂದಿಗೆ ಹಂಚಿಕೊಳ್ಳಬಹುದು, ಹಂಚಿಕೊಳ್ಳುವಂಥ ಪದ ಸಿಕ್ಕರೆ. ಸ್ಟೀಫನ್ಸ್ ತಂಡದ್ದೇ 2011ರ ಅಧ್ಯಯನ ಇನ್ನೊಂದು ಮಾತು ಹೇಳಿದೆ: ದಿನವೂ ಧಾರಾಳವಾಗಿ ಬೈಯುವವರಿಗೆ ಬೈಗುಳದಿಂದ ಸಿಗುವ ಉಪಶಮನ ಕಡಿಮೆ. ಖಾರದ ಬೈಗುಳವನ್ನು ಲೋಕಲ್ ತಡವಾದದ್ದಕ್ಕೇ ಖರ್ಚು ಮಾಡಿದವನ ಹತ್ತಿರ ಬಾಗಿಲಿಗೆ ಬೆರಳು ಸಿಕ್ಕಿಕೊಂಡ ದಿನ ಏನೂ ಉಳಿದಿರುವುದಿಲ್ಲ.

ಬಾಲ್ಯದ ಮಾತು ಬಂದದ್ದರಿಂದ ಪರಭಾಷೆಯ ಬೈಗುಳದ ವಿಚಾರವನ್ನೂ ಎತ್ತಿಕೊಳ್ಳಬೇಕು, ಏಕೆಂದರೆ ಮುಂಬಯಿ ಕನ್ನಡಿಗನ ನಿಜವಾದ ತೊಡಕು ಅಲ್ಲಿದೆ. ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತುರ್ಕಿ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ತಂತಿ ಜೋಡಿಸಿ, ಚರ್ಮದ ಬೆವರಿನ ಏರಿಳಿತವನ್ನು ಅಳೆದರು. ಹೀನ ಮಾತುಗಳಿಗೆ ಎರಡೂ ಭಾಷೆಯಲ್ಲಿ ಚರ್ಮ ಸ್ಪಂದಿಸಿತು, ಮಾತೃಭಾಷೆಯಲ್ಲಿ ಹೆಚ್ಚು. ಆದರೆ ಹೆಚ್ಚು ಅಂತರ ಕಂಡದ್ದು ಚಿಕ್ಕಂದಿನಲ್ಲಿ ಹಿರಿಯರು ಗದರಿಸುವ ‘ನಾಚಿಕೆ ಆಗುವುದಿಲ್ಲವೇ’ ಎಂಬಂಥ ಮಾತುಗಳಲ್ಲಿ. ಅವು ತುರ್ಕಿಯಲ್ಲಿ ಮೈಗೆ ನಾಟಿದವು, ಇಂಗ್ಲಿಷಿನಲ್ಲಿ ಅಷ್ಟು ನಾಟಲಿಲ್ಲ. ಲಂಡನ್ನಿನ ಭಾಷಾವಿಜ್ಞಾನಿ ಜಾನ್‌–ಮಾರ್ಕ್ ಡವಾಲ ಸಾವಿರಕ್ಕೂ ಹೆಚ್ಚು ಬಹುಭಾಷಿಕರನ್ನು ಪ್ರಶ್ನಿಸಿ 2004ರಲ್ಲಿ ಬರೆದದ್ದೂ ಇದಕ್ಕೆ ಹೊಂದುತ್ತದೆ: ಬೈಗುಳದ ಭಾರ ಮೊದಲು ಕಲಿತ ಭಾಷೆಯಲ್ಲಿ ಹೆಚ್ಚು, ಆಮೇಲೆ ಕಲಿತವುಗಳಲ್ಲಿ ಕ್ರಮೇಣ ಕಡಿಮೆ. ಅಂದರೆ ಮರಾಠಿಯನ್ನೂ ಹಿಂದಿಯನ್ನೂ ಬೀದಿಯಲ್ಲಿ ಕಲಿತ ಕನ್ನಡಿಗನಿಗೆ ಅವುಗಳ ಬೈಗುಳ ಹಗುರವೆಂದೇ ಅನಿಸುತ್ತದೆ. ಹಗುರವೆನಿಸುವುದು ಅವನ ನಾಲಿಗೆಗೆ, ಎದುರಿಗಿರುವವನ ಕಿವಿಗೆ ಅಲ್ಲ. ‘ರಂಗೀಲಾ’ (1995), ‘ಮುನ್ನಾಭಾಯಿ ಎಂಬಿಬಿಎಸ್’ (2003) ಬಂದಮೇಲೆ ಮುಂಬಯಿ ಬೀದಿಯ ಟಪೋರಿ ಹಿಂದಿ ದೇಶಕ್ಕೆಲ್ಲ ತಮಾಷೆಯಾಯಿತು. ಪರದೆಯ ಮೇಲೆ ನಗು ತಂದ ಪದವನ್ನು ಊರಿಂದ ಬಂದ ಹುಡುಗ ಬಸ್ ಕಂಡಕ್ಟರನ ಎದುರು ಪ್ರಯೋಗಿಸಿದರೆ ಮಾತ್ರ ಕಥೆ ಬೇರೆ. ‘ಸಾಲಾ’ (ಹೆಂಡತಿಯ ಸೋದರ) ಎಂಬುದನ್ನೇ ತೆಗೆದುಕೊಳ್ಳಿ. ಗೆಳೆಯನ ಹೆಗಲ ಮೇಲೆ ಕೈಹಾಕಿ ಅಂದರೆ ಸಲುಗೆ, ಗಾಳಿಗೆ ಅಂದರೆ ನಿಟ್ಟುಸಿರು, ಅಪರಿಚಿತನ ಮುಖಕ್ಕೆ ಅಂದರೆ ಅವನ ಅಕ್ಕತಂಗಿಯರ ಮೇಲೆ ಕೈಯಿಟ್ಟಂತೆ. ಪದ ಒಂದೇ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಅಂದಾಜು ಆ ಭಾಷೆಯಲ್ಲಿ ಬೆಳೆದವನಿಗೆ ಮಾತ್ರ ಸಲೀಸು.

ಇದನ್ನರಿತೋ ಅರಿಯದೆಯೋ ಮುಂಬಯಿಯ ಕನ್ನಡಿಗರು ಒಂದು ಹಂಚಿಕೆ ಮಾಡಿಕೊಂಡಿದ್ದಾರೆ. ಕರಾವಳಿಯವರ ಹೋಟೆಲುಗಳಲ್ಲಿ ಅದು ಕಾಣುತ್ತದೆ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಹಳೆಯ ಊಟದ ಮನೆಗಳಿಂದ ಹಿಡಿದು ಇವತ್ತಿನ ಹೈವೇ ಪಕ್ಕದ ಹೋಟೆಲುಗಳವರೆಗೆ ಈ ಉದ್ಯಮ ಹಲವು ನುಡಿಗಳ ಮೇಲೆ ನಡೆದಿದೆ. ಗಿರಾಕಿಯೊಂದಿಗೆ ಹಿಂದಿ, ಮರಾಠಿ. ಪಾಲಿಕೆಯ ಇನ್‌ಸ್ಪೆಕ್ಟರೊಂದಿಗೆ ಶುದ್ಧ ಮರಾಠಿ. ಒಳಗೆ ತುಳು, ಕನ್ನಡ. ಮಧ್ಯಾಹ್ನ ಒಂದೂವರೆಯ ರಶ್ಶಿನಲ್ಲಿ ಗ್ರೈಂಡರು ಕೆಟ್ಟರೆ ಗಲ್ಲಾದ ಮೇಲೆ ಕೂತವರು ಎದುರಿನ ಗಿರಾಕಿಗೆ ‘ದೋ ಮಿನಿಟ್ ಸಾಬ್’ ಎಂದು ನಗುತ್ತಾರೆ, ಹಿಂದಕ್ಕೆ ತಿರುಗಿ ‘ಎಂಚಿನ ಸಾವು ಮಾರಾಯ’ ಅನ್ನುತ್ತಾರೆ. ಗಿರಾಕಿಗೆ ತಿಳಿಯುವುದಿಲ್ಲ, ಒಳಗಿನವರಿಗೆ ತಿಳಿಯುತ್ತದೆ, ಕೆಲಸ ಚುರುಕಾಗುತ್ತದೆ. ಹತಾಶೆಯನ್ನು ತಮ್ಮ ನುಡಿಯಲ್ಲಿ ಹೊರಹಾಕಿ, ವ್ಯವಹಾರವನ್ನು ಊರಿನ ನುಡಿಯಲ್ಲಿ ಸ್ವಚ್ಛವಾಗಿಡುವ ಈ ಪದ್ಧತಿಯನ್ನು ಬೂಟಾಟಿಕೆ ಅನ್ನುವವರಿದ್ದಾರೆ. ನನಗದು ವಿವೇಕವೆನಿಸುತ್ತದೆ. ಆದರೆ ಇದೇ ಅಡುಗೆಮನೆಯಲ್ಲಿ ಇದರ ಕತ್ತಲೆ ಭಾಗವೂ ಇತ್ತು. ಹೋಟೆಲುಗಳಲ್ಲಿ ಲೋಟ ತೊಳೆಯುವ, ಟೇಬಲ್ ಒರೆಸುವ ಮಾಣಿಗೆ ಧಣಿಗಳ ‘ಬೇವರ್ಸಿ’, ‘ದರಿದ್ರ’ಗಳು ದಿನದ ಲೆಕ್ಕದಲ್ಲಿ ಸಿಗುತ್ತಿದ್ದವು. ಧಣಿಗಳು ತಮ್ಮೊಳಗೆ ಆಡಿಕೊಂಡಾಗ ಹಗುರವಾಗಿದ್ದ ಪದ ಹನ್ನೆರಡು ವರ್ಷದ ಹುಡುಗನ ಮೇಲೆ ಬಿದ್ದಾಗ ಹಗುರವಾಗಿ ಉಳಿಯಲಿಲ್ಲ. ಅವನು ತಿರುಗಿ ಬೈಯುವಂತಿರಲಿಲ್ಲ. ಹಿಂದಿರುಗಿಸಲು ಬಾರದ ಬೈಗುಳ ಎಂದೂ ಹಗುರವಲ್ಲ.

ಗುರಿಯೇ ಮುಖ್ಯ, ಪದವಲ್ಲ ಎಂಬುದಕ್ಕೆ ಉಲ್ಟಾ ದಿಕ್ಕಿನ ಪುರಾವೆಯನ್ನೂ ಮುಂಬಯಿಯೇ ಒದಗಿಸಿದೆ. 2017ರ ಜುಲೈಯಲ್ಲಿ ರೆಡ್ ಎಫ್‌ಎಂನ ರೇಡಿಯೊ ಜಾಕಿ ಮಲಿಷ್ಕಾ ರಸ್ತೆಯ ಹೊಂಡಗಳ ಬಗ್ಗೆ, ಅಂದು ಎಲ್ಲರ ಬಾಯಲ್ಲಿದ್ದ ‘ಸೋನು’ ಹಾಡಿನ ಧಾಟಿಗೆ ಒಂದು ಅಣಕು ಹಾಡು ಕಟ್ಟಿದರು. ಮಹಾನಗರಪಾಲಿಕೆಯ ಮೇಲೆ ನಿನಗೆ ಭರವಸೆ ಇಲ್ಲವೇ ಎಂದು ಕೇಳುವ ಹಾಡು. ಅದರಲ್ಲಿ ಬೈಗುಳವೇ ಇರಲಿಲ್ಲ. ಆದರೂ ಪಾಲಿಕೆಯ ಅಧಿಕಾರದಲ್ಲಿದ್ದ ಶಿವಸೇನೆ ಕೆಂಡವಾಯಿತು, ಮಾನನಷ್ಟದ ಮಾತು ಬಂತು, ಎದುರು ಹಾಡು ಹುಟ್ಟಿತು, ಮಲಿಷ್ಕಾರ ಮನೆಯಲ್ಲಿ ಡೆಂಗಿ ಸೊಳ್ಳೆಯ ಮರಿಗಳು ಸಿಕ್ಕವೆಂದು ನೋಟಿಸೂ ಹೋಯಿತು. ಅದೇ ಮಳೆಗಾಲದಲ್ಲಿ ಅದೇ ಹೊಂಡಗಳಿಗೆ ಚಕ್ರ ಇಳಿಸಿದ ಲಕ್ಷಾಂತರ ಜನ ‘ಆಯ್ಲಾ’, ‘ಸಾಲಾ’, ‘ಹಾಳಾದ್ದು’ ಅಂದಿದ್ದರು. ಅವರಾರಿಗೂ ನೋಟಿಸ್ ಬರಲಿಲ್ಲ. ಒಂದೂ ಕೆಟ್ಟ ಪದವಿಲ್ಲದ ಹಾಡಿಗೆ ಗುರಿ ಇತ್ತು, ಕೆಟ್ಟ ಪದಗಳ ಆ ಗೊಣಗಾಟಕ್ಕೆ ಗುರಿ ಇರಲಿಲ್ಲ. ಪದಗಳ ಪಟ್ಟಿ ಹಿಡಿದು ಸಭ್ಯತೆ ಕಾಯಲು ಹೊರಟ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಎಡವಿದ್ದೂ ಇಲ್ಲೇ. ಮುಂಬಯಿಯಲ್ಲೇ ಮುಖ್ಯ ಕಚೇರಿ ಇರುವ ಆ ಮಂಡಳಿಯಿಂದ 2015ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಪಹಲಾಜ್ ನಿಹಲಾನಿ ಅವರ ಕಾಲದಲ್ಲಿ, ಸಿನಿಮಾಗಳಲ್ಲಿ ಬರಕೂಡದ ಪದಗಳ ಪಟ್ಟಿ ಹೊರಟಿತು. ಮಂಡಳಿಯ ಸದಸ್ಯರೇ ವಿರೋಧಿಸಿದ್ದರಿಂದ ಅದನ್ನು ತಡೆಹಿಡಿಯಬೇಕಾಯಿತು. ಮರುವರ್ಷ ಜನವರಿಯಲ್ಲಿ ‘ಸಾಲಾ ಖಡೂಸ್’ ಎಂಬ ಹೆಸರಿನ ಸಿನಿಮಾ ಯಾವ ಗಲಾಟೆಯೂ ಇಲ್ಲದೆ ಬಿಡುಗಡೆಯಾಯಿತು.

ಕಾನೂನು ಈ ವಿಷಯದಲ್ಲಿ ಸೆನ್ಸಾರಿಗಿಂತ ಸೂಕ್ಷ್ಮವಾಗಿದೆ. ‘ಕಾಲೇಜ್ ರೊಮ್ಯಾನ್ಸ್’ ಎಂಬ ವೆಬ್ ಸರಣಿಯ ಪಾತ್ರಗಳು ಮಾತುಮಾತಿಗೆ ಬೈಯುತ್ತವೆಂದು ಮೊಕದ್ದಮೆ ಬಿದ್ದಿತ್ತು. ಕೋಣೆಯಲ್ಲಿದ್ದವರು ಬೆಚ್ಚಿಬೀಳದಿರಲೆಂದು ಇಯರ್‌ಫೋನ್ ಹಾಕಿಕೊಂಡೇ ಅದನ್ನು ನೋಡಬೇಕಾಯಿತೆಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಗಳು 2023ರ ತೀರ್ಪಿನಲ್ಲಿ ಬರೆದಿದ್ದರು. 2024ರ ಮಾರ್ಚ್ 19ರಂದು ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ರದ್ದು ಮಾಡಿತು. ಒರಟು ಮಾತೆಲ್ಲ ಅಶ್ಲೀಲವಾಗುವುದಿಲ್ಲ, ಅಕ್ಷರಾರ್ಥದಲ್ಲಿ ಲೈಂಗಿಕವಾಗಿದ್ದರೂ ಆಡುವಾಗ ಅದು ಹತಾಶೆ, ಸಿಟ್ಟು, ಉದ್ವೇಗಗಳನ್ನು ಹೇಳುತ್ತಿರಬಹುದು ಎಂಬುದು ನ್ಯಾಯಾಲಯದ ವಿವರಣೆ. ಹಾಗೆಂದು ರಸ್ತೆಯಲ್ಲಿ ಏನು ಬೇಕಾದರೂ ಆಡಬಹುದು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಮಾತಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 352ನೇ ಕಲಮು ಇನ್ನೂ ಗಂಭೀರ: ಎದುರಿನವನು ಶಾಂತಿಭಂಗಕ್ಕೆ ಇಳಿಯಲೆಂದು ಬೇಕೆಂತಲೇ ಅವಮಾನಿಸುವುದಕ್ಕೆ ಎರಡು ವರ್ಷದವರೆಗೆ ಜೈಲು. ಈ ಎರಡನೆಯ ಕಲಮು ಯಾವ ಪದವನ್ನೂ ಹೆಸರಿಸುವುದಿಲ್ಲ, ಉದ್ದೇಶವನ್ನು ಮಾತ್ರ ಕೇಳುತ್ತದೆ. ಪ್ಲಾಟ್‌ಫಾರ್ಮಿನ ಅಜ್ಜಿಯೂ ಅದನ್ನೇ ಕೇಳುವುದು.

ಬೈಗುಳಕ್ಕೆ ಗುರಿಯೂ ಗಡಿಯೂ ಇದ್ದರೆ ಅದು ಹಬ್ಬವೂ ಆಗಬಲ್ಲದು. ಸಾತಾರಾ ಜಿಲ್ಲೆಯ ಸುಖೇಡ ಮತ್ತು ಬೋರಿ ಎಂಬ ಎರಡು ಹಳ್ಳಿಗಳ ಹೆಂಗಸರು ನಾಗರಪಂಚಮಿಯ ಮರುದಿನ ಹಳ್ಳದ ಆಚೀಚೆ ನಿಂತು ಒಬ್ಬರನ್ನೊಬ್ಬರು ಕೈಯೆತ್ತಿ ಬೈಯುತ್ತಾರೆ. ‘ಬೋರೀಚಾ ಬಾರ್’ ಎಂದು ಅದಕ್ಕೆ ಹೆಸರು. ಕೊಡಗಿನ ಗೋಣಿಕೊಪ್ಪದ ಬಳಿಯ ದೇವರಪುರದ ಕುಂಡೆ ಹಬ್ಬದಲ್ಲಿ ಕಾಡಿನ ಮಕ್ಕಳು ದೇವರನ್ನೂ ದಾರಿಹೋಕರನ್ನೂ ಬಿಡುವುದಿಲ್ಲ. ವರ್ಷಕ್ಕೊಂದು ದಿನ ಬಾಯಿಗೆ ಪೂರ್ತಿ ಸ್ವಾತಂತ್ರ್ಯ. ಮುಂಬಯಿಗೆ ಅಂಥ ದಿನವಿಲ್ಲ. ಅದು ಕಂತಿನ ಮೇಲೆ, ದಿನಕ್ಕಿಷ್ಟು ಎಂದು ತೀರಿಸುತ್ತದೆ.

ಇಷ್ಟು ಹೇಳಿದ ಮೇಲೂ ಎರಡು ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಮೊದಲನೆಯದು ಹೆಂಗಸರ ಕಡೆಯಿಂದ. ಸಂದರ್ಭವನ್ನು ಬೈಯುತ್ತೇನೆ ಅನ್ನುವ ಮಾತಿನಲ್ಲೂ ಅವ್ವ ಏಕೆ ಇದ್ದಾಳೆ? ‘ಇದರವ್ವನ’ ಎಂದಾಗ ಕ್ರಿಯಾಪದ ಬಿಟ್ಟದ್ದು ಮರ್ಯಾದೆಯೇ ಇರಬಹುದು, ತಾಯಿಯನ್ನು ಬಿಟ್ಟಿಲ್ಲವಲ್ಲ. ‘ಮುಂಡೇದು’ ಎಂದು ಮೈಸೂರು ಕಡೆ ಮುದ್ದಿನ ಮಗುವಿಗೂ ಅನ್ನುತ್ತಾರೆ. ಅದರೊಳಗೆ ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಕಾಲ ಕೂತಿದೆ. ಆಡುವವರಿಗೆ ಈಗ ಅದರ ನೆನಪಿಲ್ಲ ಎಂಬ ಸಮಾಧಾನ ಅರ್ಧ ಮಾತ್ರ ಸರಿ. ಕೇಳುವ ವಿಧವೆಗೆ ನೆನಪಿರುತ್ತದೆ. ಜಾತಿಯ ಹೆಸರುಗಳಂತೂ ಇದಕ್ಕಿಂತ ಮುಂದಿನವು. ಒಂದು ಜಾತಿಯ ಹೆಸರನ್ನು ಕೊಳಕು, ಗದ್ದಲ, ದಡ್ಡತನಗಳಿಗೆ ಪರ್ಯಾಯವಾಗಿ ಬಳಸುವ ಚಾಳಿ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಆಡುವವನ ಮನಸ್ಸಿನಲ್ಲಿ ಗಾಡಿಯೋ ಗಲ್ಲಿಯೋ ಇದ್ದಿರಬಹುದು, ಗುರಿ ಮಾತ್ರ ಒಂದು ಇಡೀ ಜನ. ನಾಲ್ಕು ಜನರ ಕಣ್ಣೆದುರು ಜಾತಿ ಹಿಡಿದು ಬೈಯುವುದನ್ನು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಅಪರಾಧವೆಂದದ್ದು ಸುಮ್ಮನೆ ಅಲ್ಲ. ಹಗುರ ಬೈಗುಳದ ಪರ ವಾದಿಸುವವರು ಇವುಗಳನ್ನು ಆ ಬುಟ್ಟಿಗೆ ಹಾಕಿಕೊಳ್ಳಬಾರದು. ಅದೃಷ್ಟಕ್ಕೆ ಕನ್ನಡದಲ್ಲಿ ಶನಿ, ಗ್ರಹಚಾರ, ಕರ್ಮ, ಸುಡುಗಾಡು ಎಂದು ಯಾರ ಮನೆಯ ಹೆಂಗಸನ್ನೂ ಯಾರ ಕೇರಿಯನ್ನೂ ಎಳೆದು ತಾರದ ಪದಗಳ ದಾಸ್ತಾನು ದೊಡ್ಡದಿದೆ. ಶನಿಮಹಾತ್ಮನ ಭಕ್ತರು ಸ್ವಲ್ಪ ಮುನಿಸಿಕೊಳ್ಳಬಹುದು, ಅಷ್ಟೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಹಗುರ ಬೈಗುಳ ಹೊಟ್ಟೆ ತುಂಬಿದವರ ಸೌಕರ್ಯ ಎಂಬುದು ಅದರ ತಿರುಳು. ಎಪ್ಪತ್ತರ ದಶಕದ ಆರಂಭದಲ್ಲಿ ದಲಿತ ಕವಿ ನಾಮದೇವ ಢಸಾಳರ ‘ಗೋಲಪೀಠಾ’ ಕವನ ಸಂಕಲನ ಬಂದಾಗ ಮರಾಠಿಯ ಶಿಷ್ಟ ಓದುಗರು ಬೆಚ್ಚಿದರು. ಕಾಮಾಟಿಪುರದ ಓಣಿ, ಗಟಾರ, ಸೂಳೆಗೇರಿಗಳ ಭಾಷೆ ಹಾಗೆಹಾಗೇ ಪುಟಕ್ಕೆ ಬಂದಿತ್ತು. ಎಷ್ಟೆಂದರೆ ಮುನ್ನುಡಿ ಬರೆದ ವಿಜಯ ತೆಂಡೂಲ್ಕರರಿಗೇ ಅನೇಕ ಪದಗಳು ಹೊಸತು. ಸ್ವತಃ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ ನಾಟಕ 1972ರಲ್ಲಿ ರಂಗಸೆನ್ಸಾರಿಗೆ ಸಿಕ್ಕಿಬಿದ್ದು, ನಿರ್ದೇಶಕ ಕಮಲಾಕರ ಸಾರಂಗರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಢಸಾಳರಿಗೆ ‘ಓಣಿ ಹಾಳಾಗಲಿ’ ಎಂದು ಗೊಣಗಿ ಗಾಡಿ ಹತ್ತುವ ಅನುಕೂಲವಿರಲಿಲ್ಲ. ಅವರ ಸಿಟ್ಟಿಗೆ ಕಾರಣರಾದವರು ಇದ್ದರು, ಅವರಿಗೆ ಹೆಸರಿತ್ತು, ವಿಳಾಸವಿತ್ತು. ಹಾಗಿರುವಾಗ ಗುರಿಯಿಲ್ಲದ ಮೆತ್ತನೆಯ ಬೈಗುಳ ಅನ್ಯಾಯ ಮಾಡಿದವನನ್ನು ಮರೆಮಾಡುವ ಪರದೆಯಾಗುವುದಿಲ್ಲವೇ?

ಆಗುತ್ತದೆ, ತಪ್ಪು ಜಾಗದಲ್ಲಿ ಆಡಿದರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ‘ಹಾಳಾದ್ದು ಮಳೆ’ ಅಂದವರು ಲಕ್ಷಾಂತರ. ಸೊಂಟದವರೆಗಿನ ನೀರಿನಲ್ಲಿ ಇನ್ನೊಬ್ಬರ ಕೈ ಹಿಡಿದು ನಡೆಯುವ ಆ ರಾತ್ರಿಗೆ ಅಷ್ಟು ಸಾಕಿತ್ತು. ಆ ನೀರು ಹರಿದುಹೋಗಬೇಕಿದ್ದ ಮೀಠಿ ನದಿಯ ಪಾತ್ರವನ್ನು ಒತ್ತಿ, ತುಂಬಿ, ಕಟ್ಟಿದವರ ವಿಷಯದಲ್ಲಿ ಅಷ್ಟು ಸಾಲದು. ಅಲ್ಲಿ ಮಳೆಯನ್ನು ಬೈಯುವುದು ಮಾತ್ರ ಉಳಿದರೆ, ಬೈಸಿಕೊಳ್ಳಬೇಕಾದವರು ಛತ್ರಿ ಹಿಡಿದು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ನಾನು ಹಗುರ ಬೈಗುಳಕ್ಕೆ ಕೊಡುವ ಜಾಗ ಚಿಕ್ಕದು. ಲೇಟಾದ ಗಾಡಿ, ಹರಿದ ಚಪ್ಪಲಿ, ಹ್ಯಾಂಗ್ ಆದ ಮೊಬೈಲು, ಭಾನುವಾರ ರೈಲು ನಿಲ್ಲಿಸುವ ಮೆಗಾಬ್ಲಾಕು, ಇಷ್ಟು ಅದರ ಸರಹದ್ದು. ಆರು ತಿಂಗಳ ಸಂಬಳ ಬಾಕಿ ಇಟ್ಟ ಧಣಿಯ ಬಗ್ಗೆ ‘ಏನು ಗ್ರಹಚಾರ ಮಾರ್ರೆ’ ಅನ್ನುವ ಸಪ್ಲೈಯರನಿಗೆ ಹೇಳಬೇಕಾದ್ದು ಬೇರೆ: ಅಣ್ಣಾ, ಗ್ರಹದ ಮಾತು ಬಿಡಿ, ಲೇಬರ್ ಕಮಿಷನರ ಕಚೇರಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ, ಅರ್ಜಿಯಲ್ಲಿ ಧಣಿಯ ಪೂರ್ತಿ ಹೆಸರು ಬರೆಯಿರಿ.